ನೈತಿಕ ನಿಲುವು (ಪಾತ್ರಾಭಿನಯ ಆಟಗಳು)

ನೈತಿಕ ನಿಲುವು ಎಂಬುದು ಕಲ್ಪನಾಲೋಕದಲ್ಲಿ ನಡೆಯುವ ಪಾತ್ರಾಭಿನಯ ಆಟಗಳಲ್ಲಿ ಪಾತ್ರವೊಂದರ ನೀತಿ ಹಾಗೂ ಸ್ವಭಾವವನ್ನು ಒಂದೆರಡು ಪದಗಳಲ್ಲಿ ಸೂಚಿಸುವ ವರ್ಗೀಕರಣ ಪದ್ಧತಿಯಾಗಿದೆ. ಆಟಗಾರರು ಇದನ್ನು ಸಾಮಾನ್ಯವಾಗಿ ಅಲೈನ್‌ಮೆಂಟ್ ಎಂದೇ ಕರೆಯುತ್ತಾರೆ. ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಮೂಲಕ ಈ ಪದ್ಧತಿಯು ಪ್ರಚಾರಕ್ಕೆ ಬಂದಿತು. ಅದರ ಅತ್ಯಂತ ಪ್ರಸಿದ್ಧ ರೂಪದಲ್ಲಿ ಎರಡು ಅಕ್ಷಗಳಿವೆ. ಒಂದು ಅಕ್ಷವು ಒಳಿತಿನಿಂದ ಕೆಡುಕಿನವರೆಗೆ, ಇನ್ನೊಂದು ನಿಯಮಬದ್ಧತೆಯಿಂದ ಸ್ವಚ್ಛಂದತೆಯವರೆಗೆ ಸಾಗುತ್ತದೆ. ಇವೆರಡರ ಸಂಯೋಗದಿಂದ ಒಂಬತ್ತು ನಿಲುವುಗಳು ಉಂಟಾಗುತ್ತವೆ.

ಆಟಕ್ಕೆ ಹೊಸಬರಾದವರಿಗೆ ಈ ಪದ್ಧತಿಯು ಸುಲಭವಾದ ಕೈಮರವಾಗಿದೆ. ಆದರೂ ಐದು ದಶಕಗಳ ಅವಧಿಯಲ್ಲಿ ಪಾತ್ರಾಭಿನಯ ಆಟಗಳ ಕುರಿತು ನಡೆದ ವಾದವಿವಾದಗಳಲ್ಲಿ ಇದರಷ್ಟು ಚರ್ಚೆಗೆ ಒಳಗಾದ ನಿಯಮಗಳು ವಿರಳ. ಮನುಷ್ಯನ ನಡತೆಯನ್ನು ಒಂಬತ್ತು ಮನೆಗಳಲ್ಲಿ ಹಂಚಿಡಬಹುದೇ, ಒಂದು ಜನಾಂಗವೇ ಹುಟ್ಟಿನಿಂದ ಕೆಟ್ಟದ್ದಾಗಿರಲು ಸಾಧ್ಯವೇ, ಒಳಿತು ಯಾವುದೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಈ ಚರ್ಚೆಯ ಕೇಂದ್ರದಲ್ಲಿವೆ.

ಹಿನ್ನೆಲೆ

ಪಾತ್ರಾಭಿನಯ ಆಟವನ್ನು ಸಾಮಾನ್ಯವಾಗಿ ನಾಲ್ಕೈದು ಜನರು ಒಂದು ಮೇಜಿನ ಸುತ್ತ ಕುಳಿತು ಆಡುತ್ತಾರೆ. ಪ್ರತಿಯೊಬ್ಬ ಆಟಗಾರನೂ ಯೋಧ, ಮಾಂತ್ರಿಕ, ಕಳ್ಳ ಮುಂತಾದ ಒಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರವು ಏನು ಮಾಡುತ್ತದೆ ಎಂಬುದನ್ನು ಮಾತಿನಲ್ಲಿ ಹೇಳುತ್ತಾನೆ. ಅವರಲ್ಲಿ ಒಬ್ಬರು ನಿರ್ವಾಹಕರಾಗಿರುತ್ತಾರೆ. ಕಥೆಯ ಸನ್ನಿವೇಶವನ್ನು ಕಟ್ಟುವುದು, ಉಳಿದ ಎಲ್ಲ ಪಾತ್ರಗಳನ್ನು ನಡೆಸುವುದು ಮತ್ತು ನಿಯಮಗಳ ಬಗ್ಗೆ ಅಂತಿಮ ತೀರ್ಪು ನೀಡುವುದು ಅವರ ಕೆಲಸ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇವರಿಗೆ ಡಂಜನ್ ಮಾಸ್ಟರ್ ಎಂಬ ಹೆಸರಿದೆ. ಕ್ರಿಯೆಯು ಸಫಲವೋ ವಿಫಲವೋ ಎಂಬುದನ್ನು ದಾಳ ಉರುಳಿಸಿ ನಿರ್ಧರಿಸಲಾಗುತ್ತದೆ.

ಪಾತ್ರದ ಬಲ, ಬುದ್ಧಿ, ಚುರುಕುತನ ಮೊದಲಾದವುಗಳನ್ನು ಅಂಕಿಗಳಲ್ಲಿ ಬರೆದಿಡುವ ಹಾಳೆಯೊಂದು ಪ್ರತಿ ಆಟಗಾರನ ಬಳಿ ಇರುತ್ತದೆ. ನೈತಿಕ ನಿಲುವನ್ನೂ ಇದೇ ಹಾಳೆಯಲ್ಲಿ ಬರೆಯಲಾಗುತ್ತದೆ. ಬಲವನ್ನು ಅಳೆಯುವ ಅಂಕಿ ಮತ್ತು ನೀತಿಯನ್ನು ಹೇಳುವ ಪದ ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕದಲ್ಲಿರುವುದರಿಂದ, ನೀತಿಯೂ ಬಲದಂತೆಯೇ ಅಳತೆಗೆ ಸಿಗುವ ಗುಣವೆಂಬ ಭಾವನೆ ಮೂಡುತ್ತದೆ. ಮುಂದೆ ಉದ್ಭವಿಸಿದ ಅನೇಕ ತೊಡಕುಗಳಿಗೆ ಈ ಭಾವನೆಯು ಒಂದು ಕಾರಣವಾಗಿದೆ.

ಉಗಮ ಮತ್ತು ಬೆಳವಣಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದರು. ಗೈಗ್ಯಾಕ್ಸ್ ಅವರು ಜೆಫ್ ಪೆರೆನ್ ಅವರೊಡನೆ ೧೯೭೧ರಲ್ಲಿ ಪ್ರಕಟಿಸಿದ ಚೈನ್‌ಮೇಲ್ ಎಂಬ ಯುದ್ಧದ ಆಟವು ಇದಕ್ಕೆ ಪೂರ್ವಭಾವಿಯಾಗಿತ್ತು. ಮಧ್ಯಯುಗದ ಸೈನ್ಯಗಳನ್ನು ಪುಟ್ಟ ಗೊಂಬೆಗಳ ಮೂಲಕ ಕಾದಾಡಿಸುವ ಆ ಆಟದ ಕಲ್ಪನಾಲೋಕದ ಭಾಗದಲ್ಲಿ, ಯಾವ ಜೀವಿಗಳು ವ್ಯವಸ್ಥೆಯ ಪಕ್ಷದಲ್ಲಿವೆ, ಯಾವುವು ಅವ್ಯವಸ್ಥೆಯ ಪಕ್ಷದಲ್ಲಿವೆ ಎಂಬ ಪಟ್ಟಿಯಿತ್ತು. ಸೈನ್ಯ ಕಟ್ಟುವವನಿಗೆ ಯಾರನ್ನು ಯಾರ ಜೊತೆ ನಿಲ್ಲಿಸಬೇಕೆಂಬುದು ತಿಳಿದಿರಬೇಕಾಗಿತ್ತು. ಪಟ್ಟಿಯ ಪ್ರಯೋಜನ ಅದು.

೧೯೭೪ರ ಮೂಲ ಆಟವು ಇದೇ ಕ್ರಮವನ್ನು ಮುಂದುವರಿಸಿ ವ್ಯವಸ್ಥೆ, ತಟಸ್ಥತೆ ಮತ್ತು ಅವ್ಯವಸ್ಥೆ ಎಂಬ ಮೂರು ನಿಲುವುಗಳನ್ನು ಇಟ್ಟಿತು. ಈ ಕಲ್ಪನೆಯ ಹಿಂದೆ ಇಬ್ಬರು ಕಾದಂಬರಿಕಾರರ ಪ್ರಭಾವವಿದೆ. ಪೋಲ್ ಆಂಡರ್ಸನ್ ಅವರ ಥ್ರೀ ಹಾರ್ಟ್ಸ್ ಅಂಡ್ ಥ್ರೀ ಲಯನ್ಸ್ ಕಾದಂಬರಿಯಲ್ಲಿ ವ್ಯವಸ್ಥೆ ಮತ್ತು ಅವ್ಯವಸ್ಥೆಗಳ ನಡುವೆ ಲೋಕವ್ಯಾಪಿ ಹೋರಾಟ ನಡೆಯುತ್ತದೆ. ಮೈಕೇಲ್ ಮೂರ್ಕಾಕ್ ಅವರ ಎಲ್ರಿಕ್ ಕಥೆಗಳಲ್ಲಿಯೂ ಇವೆರಡು ಶಕ್ತಿಗಳಿವೆ. ಅಲ್ಲಿ ಯಾವುದೊಂದು ಪೂರ್ಣವಾಗಿ ಗೆದ್ದರೂ ಲೋಕಕ್ಕೆ ಕೇಡು, ಆದ್ದರಿಂದ ಇವೆರಡರ ಸಮತೋಲನವೇ ಮುಖ್ಯ. ಗೈಗ್ಯಾಕ್ಸ್ ಅವರು ೧೯೭೯ರಲ್ಲಿ ಪ್ರಕಟಿಸಿದ ಸ್ಫೂರ್ತಿಗ್ರಂಥಗಳ ಪಟ್ಟಿಯಲ್ಲಿ ಈ ಇಬ್ಬರ ಹೆಸರುಗಳೂ ಇವೆ.

ಅಲೈನ್‌ಮೆಂಟ್ ಎಂಬ ಇಂಗ್ಲಿಷ್ ಪದಕ್ಕೆ ಒಂದೇ ಸಾಲಿನಲ್ಲಿ ನಿಲ್ಲುವುದು, ಒಂದು ಪಕ್ಷದೊಡನೆ ಸೇರುವುದು ಎಂಬ ಅರ್ಥಗಳಿವೆ. ಮೊದಮೊದಲು ಆಟದಲ್ಲಿಯೂ ಅದರ ಅರ್ಥ ಇಷ್ಟೇ ಆಗಿತ್ತು. ಯುದ್ಧದಲ್ಲಿ ಒಬ್ಬನು ಯಾವ ಪಕ್ಷದವನು ಎಂದು ಕೇಳಿದರೆ ಉತ್ತರ ಸುಲಭ; ಅವನು ಎಂತಹ ಮನುಷ್ಯ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

೧೯೭೬ರ ಫೆಬ್ರವರಿಯಲ್ಲಿ ದಿ ಸ್ಟ್ರಾಟೆಜಿಕ್ ರಿವ್ಯೂ ಪತ್ರಿಕೆಯಲ್ಲಿ ಗೈಗ್ಯಾಕ್ಸ್ ಅವರು ಬರೆದ ಲೇಖನವು ಈ ಸ್ಥಿತಿಯನ್ನು ಬದಲಾಯಿಸಿತು. ವ್ಯವಸ್ಥೆ ಎಂದರೆ ಒಳಿತು, ಅವ್ಯವಸ್ಥೆ ಎಂದರೆ ಕೆಡುಕು ಎಂದು ಆಟಗಾರರು ತಿಳಿಯುತ್ತಿದ್ದುದನ್ನು ಸರಿಪಡಿಸಲು ಅವರು ಒಳಿತು ಮತ್ತು ಕೆಡುಕುಗಳನ್ನು ಪ್ರತ್ಯೇಕ ಅಕ್ಷವಾಗಿ ಎಳೆದು ತೋರಿಸಿದರು. ೧೯೭೭ರಲ್ಲಿ ಬಂದ ಪ್ರಾಥಮಿಕ ಆವೃತ್ತಿಯಲ್ಲಿ ಐದು ನಿಲುವುಗಳಿದ್ದವು. ೧೯೭೮ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಒಂಬತ್ತು ನಿಲುವುಗಳ ಪೂರ್ಣ ಪಟ್ಟಿ ಕಾಣಿಸಿಕೊಂಡಿತು. ಹೀಗೆ ಪಕ್ಷವನ್ನು ಸೂಚಿಸುತ್ತಿದ್ದ ಪದವು ನಾಲ್ಕೇ ವರ್ಷಗಳಲ್ಲಿ ಸ್ವಭಾವವನ್ನು ವಿವರಿಸುವ ಪದವಾಯಿತು. ಆದರೆ ಹಳೆಯ ಅರ್ಥವು ಪೂರ್ತಿಯಾಗಿ ಮರೆಯಾಗಲಿಲ್ಲ.

ಒಂಬತ್ತು ನಿಲುವುಗಳು

ಒಳಿತು ಎಂದರೆ ಪರರ ಜೀವ ಮತ್ತು ಘನತೆಗೆ ಬೆಲೆ ಕೊಡುವುದು, ಅದಕ್ಕಾಗಿ ತಾನು ಕಷ್ಟಪಡಲು ಸಿದ್ಧನಿರುವುದು. ಕೆಡುಕು ಎಂದರೆ ತನ್ನ ಲಾಭಕ್ಕಾಗಿ ಇಲ್ಲವೆ ಸಂತೋಷಕ್ಕಾಗಿ ಪರರಿಗೆ ನೋವುಂಟುಮಾಡುವುದು. ನಿಯಮಬದ್ಧನು ಮಾತು, ಸಂಪ್ರದಾಯ, ಅಧಿಕಾರ ಮತ್ತು ಶಿಸ್ತುಗಳನ್ನು ಗೌರವಿಸುತ್ತಾನೆ. ಸ್ವಚ್ಛಂದನು ತನ್ನ ಅಂತಃಪ್ರೇರಣೆಯನ್ನೂ ಸ್ವಾತಂತ್ರ್ಯವನ್ನೂ ಮೇಲಾಗಿ ಎಣಿಸುತ್ತಾನೆ. ಎರಡೂ ಅಕ್ಷಗಳ ನಡುವೆ ತಟಸ್ಥ ಸ್ಥಾನವಿದೆ. ಇವುಗಳಿಂದ ದೊರೆಯುವ ನಿಲುವುಗಳು ಹೀಗಿವೆ:

ನಿಯಮಬದ್ಧ ಒಳಿತು: ಧರ್ಮನಿಷ್ಠ ಯೋಧನ ನಿಲುವು. ಕೊಟ್ಟ ಮಾತನ್ನು ಉಳಿಸಿಕೊಂಡು ದುರ್ಬಲರನ್ನು ಕಾಯುವವನು.
ತಟಸ್ಥ ಒಳಿತು: ನಿಯಮದ ಪರವೂ ಅಲ್ಲದೆ ವಿರೋಧವೂ ಇಲ್ಲದೆ ಕೈಲಾದ ಉಪಕಾರ ಮಾಡುವವನು.
ಸ್ವಚ್ಛಂದ ಒಳಿತು: ಒಳ್ಳೆಯದಕ್ಕಾಗಿ ಕಾನೂನನ್ನು ಮುರಿಯಲು ಹಿಂಜರಿಯದವನು. ರಾಬಿನ್ ಹುಡ್ ಇದಕ್ಕೆ ರೂಢಿಯ ಉದಾಹರಣೆ.
ನಿಯಮಬದ್ಧ ತಟಸ್ಥ: ಕಟ್ಟಳೆಯೇ ಪ್ರಧಾನವೆಂದು ನಂಬಿದ ನ್ಯಾಯಾಧಿಕಾರಿಯಂಥವನು.
ಶುದ್ಧ ತಟಸ್ಥ: ಯಾವ ತುದಿಗೂ ವಾಲದವನು, ಅಥವಾ ಸಮತೋಲನವನ್ನೇ ಗುರಿಯಾಗಿಸಿಕೊಂಡವನು.
ಸ್ವಚ್ಛಂದ ತಟಸ್ಥ: ಮನಸ್ಸಿಗೆ ತೋಚಿದಂತೆ ನಡೆಯುವವನು.
ನಿಯಮಬದ್ಧ ಕೆಡುಕು: ಕಾನೂನನ್ನೇ ಆಯುಧವಾಗಿಸಿಕೊಂಡ ದಬ್ಬಾಳಿಕೆಗಾರ.
ತಟಸ್ಥ ಕೆಡುಕು: ಸಿಕ್ಕಷ್ಟನ್ನು ಬಾಚಿಕೊಳ್ಳುವ ಸ್ವಾರ್ಥಿ.
ಸ್ವಚ್ಛಂದ ಕೆಡುಕು: ಹಿಂಸೆ ಮತ್ತು ವಿನಾಶಗಳಲ್ಲಿ ತೊಡಗಿದವನು.

ಆಟದಲ್ಲಿ ನಿಲುವಿನ ಪಾತ್ರ

ಆರಂಭದ ಆವೃತ್ತಿಗಳಲ್ಲಿ ನಿಲುವಿಗೆ ನಿಯಮಗಳ ಬಲವಿತ್ತು. ಪಾಲಡಿನ್ ಎಂಬ ಧರ್ಮಯೋಧನು ನಿಯಮಬದ್ಧ ಒಳಿತಿನವನೇ ಆಗಿರಬೇಕಾಗಿತ್ತು. ಹಂತಕ ವರ್ಗದ ಪಾತ್ರಕ್ಕೆ ಕೆಡುಕಿನ ನಿಲುವು ಕಡ್ಡಾಯವಾಗಿತ್ತು. ಡ್ರೂಯಿಡ್ ಎಂಬ ಪ್ರಕೃತಿಪೂಜಕನು ಶುದ್ಧ ತಟಸ್ಥನಾಗಿರಬೇಕಾಗಿತ್ತು. ಪ್ರತಿಯೊಂದು ನಿಲುವಿನವರಿಗೂ ತಮ್ಮದೇ ಆದ ಗುಪ್ತಭಾಷೆಯಿತ್ತು. ನಿಲುವು ಬದಲಾದರೆ ಆ ಭಾಷೆಯೂ ಮರೆತುಹೋಗುತ್ತದೆ ಎಂಬುದು ನಿಯಮ. ಈ ವಿಚಿತ್ರ ನಿಯಮವನ್ನು ೧೯೮೯ರ ಎರಡನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು.

೧೯೭೯ರ ನಿರ್ವಾಹಕರ ಕೈಪಿಡಿಯು ಪ್ರತಿಯೊಂದು ಪಾತ್ರದ ನಡತೆಯನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋಗಬೇಕೆಂದು ಸೂಚಿಸಿತು. ನಡತೆಯು ಬೇರೊಂದು ನಿಲುವಿನ ವಲಯಕ್ಕೆ ಜಾರಿದರೆ ಪಾತ್ರವು ಅನುಭವದ ಒಂದು ಮಟ್ಟವನ್ನು ಕಳೆದುಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಆಡಿ ಗಳಿಸಿದ್ದನ್ನು ನಿರ್ವಾಹಕರ ಒಂದು ತೀರ್ಪಿನಿಂದ ಕಳೆದುಕೊಳ್ಳಬೇಕಾಗಿದ್ದುದರಿಂದ ನಿಲುವಿನ ಪ್ರಶ್ನೆಯು ಜಗಳಕ್ಕೆ ಎಡೆಮಾಡಿಕೊಡುವುದು ಸಹಜವಾಗಿತ್ತು.

೨೦೦೦ದ ಮೂರನೆಯ ಆವೃತ್ತಿಯ ವೇಳೆಗೆ ಈ ಶಿಕ್ಷೆಯ ಬಿಗಿ ಸಡಿಲವಾಯಿತಾದರೂ ಮಂತ್ರಗಳ ಮೂಲಕ ನಿಲುವು ಆಟದ ಒಳಗೆ ಇನ್ನಷ್ಟು ಬೇರೂರಿತು. ಕೆಡುಕನ್ನು ಪತ್ತೆಹಚ್ಚುವ, ಕೆಡುಕಿನಿಂದ ರಕ್ಷಿಸುವ, ಕೆಡುಕಿನವರನ್ನು ಮಾತ್ರ ಗಾಯಗೊಳಿಸುವ ಮಂತ್ರಗಳಿದ್ದವು. ಪಾಲಡಿನ್ ತಾನು ಬಯಸಿದಾಗಲೆಲ್ಲ ಎದುರಿನವರಲ್ಲಿ ಕೆಡುಕು ಇದೆಯೇ ಎಂದು ಪರೀಕ್ಷಿಸಬಹುದಾಗಿತ್ತು.

ಆಟದ ವಿಶ್ವರಚನೆಯೂ ಇದೇ ಮಾದರಿಯಲ್ಲಿದೆ. ಒಂದೊಂದು ನಿಲುವಿಗೂ ಒಂದೊಂದು ಪರಲೋಕವಿದ್ದು, ಅವು ಚಕ್ರಾಕಾರವಾಗಿ ಜೋಡಣೆಗೊಂಡಿವೆ. ೧೯೯೪ರಲ್ಲಿ ಪ್ರಕಟವಾದ ಪ್ಲೇನ್‌ಸ್ಕೇಪ್ ಎಂಬ ಕಥಾಲೋಕವು ಈ ರಚನೆಯನ್ನೇ ಆಧರಿಸಿದೆ. ನಿಯಮಬದ್ಧ ಕೆಡುಕಿನ ಡೆವಿಲ್‌ಗಳಿಗೂ ಸ್ವಚ್ಛಂದ ಕೆಡುಕಿನ ಡೀಮನ್‌ಗಳಿಗೂ ನಡುವೆ ನಿರಂತರ ಯುದ್ಧ ನಡೆಯುತ್ತಿರುತ್ತದೆ. ಕೆಡುಕಿನವರು ಎಂಬ ಒಂದೇ ಕಾರಣಕ್ಕೆ ಅವರು ಒಂದಾಗುವುದಿಲ್ಲ. ಎರಡು ಅಕ್ಷಗಳ ಕಲ್ಪನೆಯು ಕಥೆಗೆ ನೆರವಾದ ಉದಾಹರಣೆಗಳಲ್ಲಿ ಇದು ಮುಖ್ಯವಾದುದು.

ಮಿತಿಗಳು

ಪದಗಳ ಅನಿಶ್ಚಿತತೆ

ನಿಯಮಬದ್ಧ ಎಂಬ ಪದಕ್ಕೆ ಕನಿಷ್ಠ ಮೂರು ಅರ್ಥಗಳನ್ನು ಹೇಳಬಹುದು: ನಾಡಿನ ಕಾನೂನಿಗೆ ತಲೆಬಾಗುವವನು, ತನ್ನದೇ ಆದ ಕಟ್ಟುಪಾಡನ್ನು ತಪ್ಪದೆ ಪಾಲಿಸುವವನು, ಸಮಾಜಕ್ಕೆ ವ್ಯವಸ್ಥೆ ಬೇಕೆಂದು ನಂಬಿದವನು. ಒಬ್ಬನೇ ವ್ಯಕ್ತಿ ಮೊದಲನೆಯ ಅರ್ಥದಲ್ಲಿ ಸ್ವಚ್ಛಂದನೂ ಎರಡನೆಯ ಅರ್ಥದಲ್ಲಿ ನಿಯಮಬದ್ಧನೂ ಆಗಿರಬಹುದು. ಅನ್ಯಾಯದ ಕಾನೂನನ್ನು ಉಲ್ಲಂಘಿಸಿ, ಅದರ ಶಿಕ್ಷೆಯನ್ನು ಮರುಮಾತಿಲ್ಲದೆ ಅನುಭವಿಸುವ ಸತ್ಯಾಗ್ರಹಿಯನ್ನು ಯಾವ ಮನೆಯಲ್ಲಿ ಇಡಬೇಕೆಂಬುದಕ್ಕೆ ನಿಯಮಪುಸ್ತಕಗಳಲ್ಲಿ ಒಮ್ಮತದ ಉತ್ತರ ದೊರೆಯುವುದಿಲ್ಲ.

ಆಟವನ್ನು ರಚಿಸಿದವರಿಗೂ ಈ ತೊಡಕು ತಪ್ಪಿದ್ದಲ್ಲ. ೧೯೭೭ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಆರ್ಕ್ ಎಂಬ ಜೀವಿಯ ನಿಲುವು ನಿಯಮಬದ್ಧ ಕೆಡುಕು ಎಂದಿತ್ತು. ಮೂರನೆಯ ಆವೃತ್ತಿಯಲ್ಲಿ ಅದೇ ಆರ್ಕ್ ಸ್ವಚ್ಛಂದ ಕೆಡುಕಿನ ಜೀವಿಯಾಯಿತು. ಗುಂಪುಕಟ್ಟಿಕೊಂಡು ನಾಯಕನ ಆಜ್ಞೆಯಂತೆ ನಡೆಯುವುದನ್ನು ಮುಖ್ಯವೆಂದರೆ ಮೊದಲನೆಯದು ಸರಿ. ಸುಲಿಗೆ ಮತ್ತು ಒಳಜಗಳಗಳನ್ನು ಮುಖ್ಯವೆಂದರೆ ಎರಡನೆಯದು ಸರಿ. ಬ್ಯಾಟ್‌ಮನ್ ಪಾತ್ರದ ಬೇರೆ ಬೇರೆ ಕಥೆಗಳಿಂದ ಒಂದೊಂದು ಮಾತನ್ನು ಆರಿಸಿ ಒಂಬತ್ತು ಮನೆಗಳನ್ನೂ ಅದೊಂದೇ ಪಾತ್ರದಿಂದ ತುಂಬಿಸಿದ ಹಾಸ್ಯಚಿತ್ರವೊಂದು ಅಂತರಜಾಲದಲ್ಲಿ ಬಹಳ ಪ್ರಸಿದ್ಧವಾಗಿದೆ.

ವಿವರಣೆ ಮತ್ತು ವಿಧಿ

ನಿಲುವು ಪಾತ್ರದ ನಡತೆಯಿಂದ ಹುಟ್ಟುವ ವಿವರಣೆಯೋ ಅಥವಾ ಪಾತ್ರವು ಹೀಗೆಯೇ ನಡೆಯಬೇಕೆಂಬ ವಿಧಿಯೋ ಎಂಬುದು ಇನ್ನೊಂದು ಪ್ರಶ್ನೆ. ವಿವರಣೆ ಎಂದಾದರೆ, ಕರುಣೆ ತೋರಿದ ಕಳ್ಳನನ್ನು ಕಂಡು ಅವನ ಹಾಳೆಯ ಮೇಲಿನ ಪದವನ್ನು ತಿದ್ದಿದರೆ ಸಾಕು. ವಿಧಿ ಎಂದಾದರೆ, ಕೆಡುಕಿನ ನಿಲುವಿನವನಾದ್ದರಿಂದ ಅವನು ಕರುಣೆ ತೋರುವಂತಿಲ್ಲ ಎಂದು ನಿರ್ವಾಹಕರು ತಡೆಯುತ್ತಾರೆ. ಎರಡನೆಯ ಕ್ರಮದಲ್ಲಿ ಪಾತ್ರದ ಪರಿವರ್ತನೆಗೆ ಅವಕಾಶವೇ ಉಳಿಯುವುದಿಲ್ಲ. ಪಶ್ಚಾತ್ತಾಪ, ಪ್ರಲೋಭನೆ, ಪತನ ಮುಂತಾದವು ಕಥೆಗಳ ಜೀವಾಳವಾಗಿದ್ದರೂ ಈ ಕ್ರಮದಲ್ಲಿ ಅವು ನಿಯಮಭಂಗಗಳಾಗಿ ಕಾಣುತ್ತವೆ.

ವಿಧಿಯ ಅರ್ಥವನ್ನು ಹಿಡಿದು ತಪ್ಪಿಸಿಕೊಳ್ಳುವ ಆಟಗಾರರೂ ಉಂಟು. ಸಂಗಡಿಗರ ಹಣವನ್ನು ಕದ್ದು, ಅವರಿಗೆ ದ್ರೋಹ ಬಗೆದು, ನನ್ನ ಪಾತ್ರದ ನಿಲುವೇ ಹಾಗೆ ಎಂದು ಹೇಳಿದರೆ ಪ್ರಶ್ನಿಸುವುದು ಕಷ್ಟ. ಈ ಕಾರಣದಿಂದ ಅನೇಕ ಗುಂಪುಗಳು ಸ್ವಚ್ಛಂದ ತಟಸ್ಥ ಮತ್ತು ಕೆಡುಕಿನ ನಿಲುವುಗಳನ್ನು ತಮ್ಮ ಆಟದಲ್ಲಿ ನಿಷೇಧಿಸುತ್ತವೆ. ಆಯ್ಕೆ ಮಾಡಿದವನು ಆಟಗಾರನೇ ಹೊರತು ಹಾಳೆಯಲ್ಲ ಎಂಬ ಸರಳ ಸತ್ಯವನ್ನು ಆ ಪದವು ಮರೆಮಾಡುತ್ತದೆ.

ಪಾಲಡಿನ್‌ನ ಇಕ್ಕಟ್ಟು

೧೯೭೮ರ ನಿಯಮದ ಪ್ರಕಾರ ಪಾಲಡಿನ್ ತಿಳಿದೂ ತಿಳಿದೂ ಒಂದು ಕೆಡುಕನ್ನು ಎಸಗಿದರೆ ತನ್ನ ಪದವಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾನೆ. ಅಡಗಿಕೊಂಡಿರುವ ನಿರಪರಾಧಿಯನ್ನು ಹುಡುಕಿಕೊಂಡು ಕೊಲೆಗಾರನು ಬಂದಾಗ ಪಾಲಡಿನ್ ಸುಳ್ಳು ಹೇಳಬಹುದೇ ಎಂಬುದು ಆಟದ ಮೇಜುಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ೧೭೯೭ರ ಪ್ರಬಂಧವೊಂದರಲ್ಲಿ ಇದೇ ಸನ್ನಿವೇಶವನ್ನು ಚರ್ಚಿಸಿ, ಅಂತಹ ಸಂದರ್ಭದಲ್ಲಿಯೂ ಸುಳ್ಳು ಸಲ್ಲದು ಎಂದು ವಾದಿಸಿದ್ದರು. ಪರಿಣಾಮವನ್ನು ನೋಡಿ ಕ್ರಿಯೆಯನ್ನು ಅಳೆಯುವ ಚಿಂತಕರು ಇದನ್ನು ಒಪ್ಪುವುದಿಲ್ಲ.

ನಿಯಮಪುಸ್ತಕವು ಕೆಡುಕಿನ ಕ್ರಿಯೆಗೆ ಶಿಕ್ಷೆಯನ್ನು ಹೇಳುತ್ತದೆಯಾದರೂ ಕರ್ತವ್ಯ, ಪರಿಣಾಮ, ಉದ್ದೇಶಗಳಲ್ಲಿ ಯಾವುದರಿಂದ ಕೆಡುಕನ್ನು ಅಳೆಯಬೇಕೆಂಬುದನ್ನು ಹೇಳುವುದಿಲ್ಲ. ಶತಮಾನಗಳಿಂದ ತತ್ತ್ವಶಾಸ್ತ್ರದಲ್ಲಿ ಇತ್ಯರ್ಥವಾಗದ ವ್ಯಾಜ್ಯವನ್ನು ನಿರ್ವಾಹಕರು ಆಟದ ನಡುವೆ ಕೆಲವು ನಿಮಿಷಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. ಯಾವ ದಾರಿ ಹಿಡಿದರೂ ಪಾಲಡಿನ್ ಪತನವಾಗುವಂತಹ ಸನ್ನಿವೇಶಗಳನ್ನು ಬೇಕೆಂದೇ ಕಟ್ಟುವ ನಿರ್ವಾಹಕರ ಬಗ್ಗೆ ಆಟಗಾರರಲ್ಲಿ ಹಳೆಯ ಅಸಮಾಧಾನವಿದೆ.

ಸ್ಪಷ್ಟ ಪಟ್ಟಿಯನ್ನು ಕೊಡುವ ಪ್ರಯತ್ನಗಳೂ ಪೂರ್ಣ ಯಶಸ್ಸು ಕಾಣಲಿಲ್ಲ. ೨೦೦೩ರ ಬುಕ್ ಆಫ್ ಎಕ್ಸಾಲ್ಟೆಡ್ ಡೀಡ್ಸ್ ಎಂಬ ಪುಸ್ತಕವು ವಿಷಪ್ರಯೋಗವನ್ನು ಅನಗತ್ಯ ನೋವು ಕೊಡುವ ಕೆಡುಕಿನ ಕ್ರಿಯೆಯೆಂದು ಹೇಳಿತು. ಆದರೆ ಅದೇ ಪುಸ್ತಕವು ಕೆಡುಕಿನವರಿಗೆ ಮಾತ್ರ ತಗಲುವ, ವಿಷದಂತೆಯೇ ಕೆಲಸ ಮಾಡುವ ಬೇರೆ ವಸ್ತುಗಳನ್ನು ಒಳಿತಿನ ಪಾತ್ರಗಳಿಗೆ ಒದಗಿಸಿತು. ನೋವು ಕೊಡುವುದು ತಪ್ಪೋ, ಯಾರಿಗೆ ಕೊಡಲಾಗುತ್ತದೆ ಎಂಬುದು ಮುಖ್ಯವೋ ಎಂಬ ಪ್ರಶ್ನೆ ಇದರಿಂದ ಮತ್ತಷ್ಟು ಜಟಿಲವಾಯಿತು.

ತಟಸ್ಥತೆಯ ತೊಡಕು

ಒಳಿತು ಮತ್ತು ಕೆಡುಕುಗಳ ನಡುವೆ ಸಮತೋಲನವನ್ನು ಕಾಯುವುದು ಎಂಬ ಕಲ್ಪನೆಯು ಮೂರ್ಕಾಕ್ ಅವರ ಕಥೆಗಳಿಂದ ಬಂದುದು. ಅಲ್ಲಿ ಸಮತೋಲನವಿರುವುದು ವ್ಯವಸ್ಥೆ ಮತ್ತು ಅವ್ಯವಸ್ಥೆಗಳ ನಡುವೆ. ಅತಿಯಾದರೆ ಇವೆರಡೂ ಬದುಕನ್ನು ಹಿಸುಕುತ್ತವೆ. ಆದರೆ ಒಳಿತು ಅತಿಯಾಯಿತೆಂದು ಸ್ವಲ್ಪ ಕೆಡುಕನ್ನು ಸೇರಿಸುವುದರಲ್ಲಿ ತರ್ಕವಿಲ್ಲ. ೧೯೮೯ರ ಆವೃತ್ತಿಯು ಕೊಟ್ಟ ಉದಾಹರಣೆಯಲ್ಲಿ, ದುಷ್ಟ ನೋಲ್‌ಗಳ ವಿರುದ್ಧ ಹೋರಾಡುತ್ತಿದ್ದ ಡ್ರೂಯಿಡ್, ಅವು ನಾಶದ ಅಂಚಿಗೆ ಬಂದಾಗ ಯುದ್ಧವನ್ನು ಬಿಟ್ಟು ಹೊರಡಬಹುದು ಇಲ್ಲವೆ ಅವುಗಳ ಪಕ್ಷವನ್ನೇ ಸೇರಬಹುದು. ಈ ಉದಾಹರಣೆಯು ತಟಸ್ಥ ನಿಲುವನ್ನು ವಿವರಿಸುವುದಕ್ಕಿಂತ ಹೆಚ್ಚಾಗಿ ನಗೆಪಾಟಲಿಗೆ ಗುರಿಯಾಯಿತು. ಮುಂದಿನ ಆವೃತ್ತಿಗಳು ತಟಸ್ಥತೆಯನ್ನು ಯಾವ ಕಡೆಗೂ ವಿಶೇಷ ಒಲವಿಲ್ಲದ ಸಾಮಾನ್ಯ ಜನರ ಸ್ಥಿತಿಯೆಂದು ಬಗೆದವು.

ಹುಟ್ಟಿನಿಂದ ಬಂದ ಕೆಡುಕು

ನಿಲುವು ವ್ಯಕ್ತಿಗೆ ಮಾತ್ರವಲ್ಲದೆ ಇಡೀ ಜೀವಿವರ್ಗಕ್ಕೂ ಅನ್ವಯಿಸುತ್ತಿದ್ದುದು ಅತ್ಯಂತ ಗಂಭೀರವಾದ ಆಕ್ಷೇಪಕ್ಕೆ ಕಾರಣವಾಯಿತು. ೧೯೭೯ರ ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್ ಎಂಬ ಕಥಾಸಾಹಸದಲ್ಲಿ ಗೈಗ್ಯಾಕ್ಸ್ ಅವರು ಗುಹೆಗಳಲ್ಲಿ ವಾಸಿಸುವ ಆರ್ಕ್ ಮೊದಲಾದವರ ಹೆಂಗಸರು ಮತ್ತು ಮಕ್ಕಳ ಸಂಖ್ಯೆಯನ್ನೂ ನಮೂದಿಸಿದ್ದಾರೆ. ಯೋಧರನ್ನು ಕೊಂದ ಮೇಲೆ ಈ ಮಕ್ಕಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಆಟಗಾರರ ಮುಂದೆ ನಿಲ್ಲುತ್ತದೆ. ಅವರು ಹುಟ್ಟಿನಿಂದಲೇ ಕೆಟ್ಟವರಾದರೆ ಅವರನ್ನು ಬಿಡುವುದು ಅಪಾಯ. ಬೆಳೆಯುತ್ತ ಕೆಟ್ಟವರಾಗುತ್ತಾರೆ ಎಂದಾದರೆ ಅವರನ್ನು ಕೊಲ್ಲುವುದು ಶಿಶುಹತ್ಯೆ.

ಕೆಡುಕಿಗೆ ನೈತಿಕ ಅರ್ಥ ಬರಬೇಕಾದರೆ ಮಾಡದೆ ಇರುವ ಸ್ವಾತಂತ್ರ್ಯ ಇರಬೇಕು. ಆಯ್ಕೆಯೇ ಇಲ್ಲದ ಜೀವಿಯು ಹುಲಿ ಅಥವಾ ಕಾಳ್ಗಿಚ್ಚಿನಂತೆ ಅಪಾಯಕಾರಿಯಾಗಬಹುದೇ ಹೊರತು ಅದಕ್ಕೆ ಪಾಪ ಅಂಟುವುದಿಲ್ಲ. ಆಯ್ಕೆಯಿದೆ ಎಂದಾದರೆ ಇಡೀ ಜನಾಂಗಕ್ಕೆ ಒಂದೇ ನಿಲುವನ್ನು ಬರೆಯುವುದು ತಪ್ಪಾಗುತ್ತದೆ. ಆರ್ಕ್‌ಗಳ ಕಲ್ಪನೆಯನ್ನು ಆಧುನಿಕ ಸಾಹಿತ್ಯಕ್ಕೆ ತಂದ ಜೆ. ಆರ್. ಆರ್. ಟೋಲ್ಕಿನ್ ಅವರನ್ನೂ ಈ ಇಕ್ಕಟ್ಟು ಕಾಡಿತ್ತು. ಅವರ ಪತ್ರಗಳಲ್ಲಿ ಮತ್ತು ಟಿಪ್ಪಣಿಗಳಲ್ಲಿ ಆರ್ಕ್‌ಗಳ ಮೂಲ ಹಾಗೂ ಉದ್ಧಾರದ ಸಾಧ್ಯತೆಗಳ ಬಗ್ಗೆ ಪರಸ್ಪರ ಹೊಂದದ ಉತ್ತರಗಳಿವೆ.

ಮೂರನೆಯ ಆವೃತ್ತಿಯು ಜೀವಿಗಳ ನಿಲುವಿನ ಮುಂದೆ ಯಾವಾಗಲೂ, ಸಾಮಾನ್ಯವಾಗಿ, ಅನೇಕ ವೇಳೆ ಎಂಬ ವಿಶೇಷಣಗಳನ್ನು ಸೇರಿಸಿ ಸಮಸ್ಯೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸಿತು. ಕಾದಂಬರಿಗಳೂ ಅಪವಾದಗಳನ್ನು ಸೃಷ್ಟಿಸಿದವು. ೧೯೮೮ರಲ್ಲಿ ಆರ್. ಎ. ಸಾಲ್ವಟೋರ್ ಅವರ ಕಾದಂಬರಿಯಲ್ಲಿ ಕಾಣಿಸಿಕೊಂಡ ಡ್ರಿಟ್ಸ್ಟ್ ಎಂಬ ಪಾತ್ರವು ದುಷ್ಟರೆಂದು ವರ್ಣಿತರಾದ ಡ್ರೌ ಜನಾಂಗದಲ್ಲಿ ಹುಟ್ಟಿಯೂ ಒಳಿತಿನ ದಾರಿ ಹಿಡಿದು ಅಪಾರ ಜನಪ್ರಿಯತೆ ಪಡೆಯಿತು. ಆದರೆ ಒಬ್ಬನನ್ನು ಅಪವಾದವೆಂದು ಹೊಗಳುವುದರಿಂದ ಉಳಿದವರ ಮೇಲಿನ ನಿಯಮ ಗಟ್ಟಿಯಾಗುತ್ತದೆಯೇ ವಿನಾ ಸಡಿಲವಾಗುವುದಿಲ್ಲ ಎಂಬ ಟೀಕೆಯೂ ಇದೆ.

ಒಳಿತಿನ ಮೂಲ

ಮಂತ್ರದಿಂದ ಕೆಡುಕನ್ನು ಪತ್ತೆಹಚ್ಚಬಹುದಾದ ಲೋಕದಲ್ಲಿ ಒಳಿತು ಕೆಡುಕುಗಳು ಶಾಖ ಅಥವಾ ಬೆಳಕಿನಂತೆ ವಸ್ತುನಿಷ್ಠ ಸಂಗತಿಗಳಾಗುತ್ತವೆ. ಪ್ಲೇಟೋ ತನ್ನ ಯೂಥಿಫ್ರೋ ಸಂವಾದದಲ್ಲಿ ಎತ್ತಿದ ಪ್ರಶ್ನೆಯು ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ. ಪುಣ್ಯವಾದುದು ಪುಣ್ಯವಾದುದರಿಂದ ದೇವತೆಗಳಿಗೆ ಪ್ರಿಯವೋ, ದೇವತೆಗಳಿಗೆ ಪ್ರಿಯವಾದುದರಿಂದ ಪುಣ್ಯವೋ? ಆಟದ ಲೋಕದಲ್ಲಿ ದೇವತೆಗಳೂ ನಿಲುವಿಗೆ ಅಧೀನರು; ಅವರ ಹೆಸರಿನ ಮುಂದೆಯೂ ನಿಲುವು ಬರೆದಿರುತ್ತದೆ. ಆದ್ದರಿಂದ ಒಳಿತಿನ ಅಳತೆಗೋಲು ದೇವತೆಗಳಿಗಿಂತ ಮೇಲಿದೆ. ಅದನ್ನು ಹಿಡಿದಿರುವವರು ಮೇಜಿನ ತುದಿಯಲ್ಲಿ ಕುಳಿತ ನಿರ್ವಾಹಕರು.

ಪತ್ತೆಹಚ್ಚುವ ಮಂತ್ರಕ್ಕೆ ಕಥನದ ದೃಷ್ಟಿಯಿಂದಲೂ ತೊಂದರೆಗಳಿವೆ. ಊರಿನ ವರ್ತಕನೊಬ್ಬನು ಜಿಪುಣನೂ ಕ್ರೂರನೂ ಆಗಿದ್ದು ಅವನ ನಿಲುವು ಕೆಡುಕು ಎಂದು ಮಂತ್ರದಲ್ಲಿ ತಿಳಿದುಬಂದರೆ, ಅಪರಾಧವೇನನ್ನೂ ಮಾಡದ ಅವನನ್ನು ಪಾಲಡಿನ್ ಶಿಕ್ಷಿಸಬಹುದೇ? ಕ್ರಿಯೆಗಾಗಿ ಶಿಕ್ಷಿಸುವುದು ನ್ಯಾಯ, ಸ್ವಭಾವಕ್ಕಾಗಿ ಶಿಕ್ಷಿಸುವುದು ಅನ್ಯಾಯ ಎಂಬ ಸಾಮಾನ್ಯ ತಿಳಿವಳಿಕೆಯು ಇಲ್ಲಿ ಪರೀಕ್ಷೆಗೊಳಗಾಗುತ್ತದೆ. ೨೦೦೪ರ ಎಬೆರಾನ್ ಎಂಬ ಕಥಾಲೋಕವು ಬಣ್ಣದಿಂದ ಡ್ರ್ಯಾಗನ್‌ಗಳ ನಿಲುವನ್ನು ನಿರ್ಧರಿಸುವ ರೂಢಿಯನ್ನು ಕೈಬಿಟ್ಟಿತು. ಒಳಿತಿನ ದೇವತೆಯ ಗುಡಿಯಲ್ಲಿ ಕೆಡುಕಿನ ಅರ್ಚಕನೂ ಇರಬಹುದೆಂದು ಒಪ್ಪಿಕೊಂಡು, ಮಂತ್ರದ ಉತ್ತರವನ್ನೇ ಕುರುಡಾಗಿ ನಂಬದಂತೆ ಮಾಡಿತು.

ಪರ್ಯಾಯ ಪದ್ಧತಿಗಳು

ನಿಲುವಿನ ಮಿತಿಗಳನ್ನು ಕಂಡ ಇತರ ಆಟಗಳು ಬೇರೆ ಮಾರ್ಗಗಳನ್ನು ಹುಡುಕಿದವು. ೧೯೭೮ರ ರೂನ್‌ಕ್ವೆಸ್ಟ್ ಆಟದಲ್ಲಿ ನಿಲುವುಗಳೇ ಇಲ್ಲ. ಪಾತ್ರವು ಸೇರಿದ ಪಂಥದ ಕಟ್ಟಳೆಗಳು ನಡತೆಯನ್ನು ರೂಪಿಸುತ್ತವೆ. ಪಲಾಡಿಯಮ್ ಬುಕ್ಸ್ ಪ್ರಕಟಿಸಿದ ಆಟಗಳಲ್ಲಿ ತಟಸ್ಥ ನಿಲುವಿಗೆ ಸ್ಥಾನವಿಲ್ಲ. ಅಲ್ಲಿನ ಪ್ರತಿಯೊಂದು ನಿಲುವಿನ ಕೆಳಗೆ ಆ ಪಾತ್ರವು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಪಟ್ಟಿಯಿದೆ.

ಗ್ರೆಗ್ ಸ್ಟಾಫರ್ಡ್ ಅವರ ೧೯೮೫ರ ಪೆಂಡ್ರಾಗನ್ ಆಟವು ಆರ್ಥರ್ ರಾಜನ ಕಾಲದ ವೀರರ ಕಥೆಗಳನ್ನು ಆಧರಿಸಿದೆ. ಇದರಲ್ಲಿ ಕರುಣೆ ಮತ್ತು ಕ್ರೌರ್ಯ, ವಿನಯ ಮತ್ತು ಗರ್ವ ಎಂಬಂತಹ ೧೩ ಜೋಡಿ ಗುಣಗಳಿದ್ದು, ಪ್ರತಿ ಜೋಡಿಯ ಮೊತ್ತ ೨೦ ಆಗಿರುತ್ತದೆ. ಒಬ್ಬ ವೀರನು ಕರುಣಾಳುವೂ ಗರ್ವಿಷ್ಠನೂ ಆಗಿರಲು ಇಲ್ಲಿ ಅಡ್ಡಿಯಿಲ್ಲ. ನಡತೆಗೆ ತಕ್ಕಂತೆ ಅಂಕಿಗಳು ಏರಿಳಿಯುವುದರಿಂದ ಪಾತ್ರದ ಬದಲಾವಣೆಯೂ ದಾಖಲಾಗುತ್ತದೆ.

ಅದೇ ವರ್ಷ ಬಂದ ಅಲ್ಟಿಮಾ ೪ ಎಂಬ ಗಣಕಯಂತ್ರದ ಆಟದಲ್ಲಿ ರಿಚರ್ಡ್ ಗ್ಯಾರಿಯಟ್ ಅವರು ಎಂಟು ಸದ್ಗುಣಗಳನ್ನು ಕಥೆಯ ಕೇಂದ್ರದಲ್ಲಿಟ್ಟರು. ಆಟದ ಮೊದಲಿನಲ್ಲಿ ಎರಡು ಸದ್ಗುಣಗಳು ಪರಸ್ಪರ ಎದುರಾಗುವ ಸನ್ನಿವೇಶಗಳನ್ನು ಮುಂದಿಟ್ಟು, ಆಟಗಾರನು ಪ್ರಾಮಾಣಿಕತೆಯನ್ನು ಆರಿಸುತ್ತಾನೋ ಕರುಣೆಯನ್ನೋ ಎಂದು ಕೇಳಲಾಗುತ್ತದೆ. ಒಳಿತು ಮತ್ತು ಕೆಡುಕುಗಳ ನಡುವಿನ ಆಯ್ಕೆಗಿಂತ ಒಳಿತು ಮತ್ತು ಒಳಿತುಗಳ ನಡುವಿನ ಆಯ್ಕೆ ಕಠಿಣ ಎಂಬುದನ್ನು ಈ ಪ್ರಶ್ನಾವಳಿಯು ತೋರಿಸುತ್ತದೆ.

೧೯೯೧ರ ವ್ಯಾಂಪೈರ್: ದಿ ಮಾಸ್ಕರೇಡ್ ಆಟದಲ್ಲಿ ಮಾನವೀಯತೆಯನ್ನು ೧೦ರವರೆಗಿನ ಅಂಕಿಯಲ್ಲಿ ಅಳೆಯಲಾಗುತ್ತದೆ. ದುಷ್ಕೃತ್ಯಗಳಿಂದ ಅದು ಕುಗ್ಗುತ್ತ ಸೊನ್ನೆಗೆ ಬಂದರೆ ಪಾತ್ರವು ಆಟಗಾರನ ಕೈತಪ್ಪುತ್ತದೆ. ೨೦೧೨ರ ಡಂಜನ್ ವರ್ಲ್ಡ್ ಆಟವು ನಿಲುವನ್ನು ಉಳಿಸಿಕೊಂಡಿತಾದರೂ ಶಿಕ್ಷೆಯ ಬದಲು ಬಹುಮಾನವನ್ನು ಜೋಡಿಸಿತು: ನಿಲುವಿಗೆ ತಕ್ಕ ಒಂದು ನಿರ್ದಿಷ್ಟ ಕ್ರಿಯೆಯನ್ನು ಮಾಡಿದರೆ ಪಾತ್ರಕ್ಕೆ ಅನುಭವದ ಅಂಕ ದೊರೆಯುತ್ತದೆ.

ಸಮರ್ಥನೆ

ನಿಲುವಿನ ಪದ್ಧತಿಯನ್ನು ಸಮರ್ಥಿಸುವವರ ವಾದಗಳೂ ಗಮನಾರ್ಹವಾಗಿವೆ. ಮೊದಲ ಬಾರಿಗೆ ಆಡುವವರಿಗೆ ಪಾತ್ರವನ್ನು ಕಲ್ಪಿಸಿಕೊಳ್ಳಲು ಒಂದು ಆಧಾರ ಬೇಕಾಗುತ್ತದೆ. ಎರಡು ಪದಗಳು ಅದನ್ನು ಒದಗಿಸುತ್ತವೆ. ನೂರಾರು ಪಾತ್ರಗಳನ್ನು ಏಕಕಾಲದಲ್ಲಿ ನಡೆಸುವ ನಿರ್ವಾಹಕರಿಗೂ ಇದರಿಂದ ಅನುಕೂಲವಿದೆ. ದೇವದೂತರು ಮತ್ತು ರಾಕ್ಷಸರು ನಿಜವಾಗಿಯೂ ಇರುವ ಪುರಾಣಸದೃಶ ಲೋಕದಲ್ಲಿ ಒಳಿತು ಕೆಡುಕುಗಳು ಮೂರ್ತಶಕ್ತಿಗಳಾಗಿರುವುದು ಅಸಂಗತವಲ್ಲ ಎಂಬುದು ಇನ್ನೊಂದು ವಾದ. ನಿಲುವಿನ ಕುರಿತು ಏಳುವ ಚರ್ಚೆಗಳೇ ಆಟದ ಒಂದು ಫಲವೆಂದೂ, ನೀತಿಶಾಸ್ತ್ರದ ಪರಿಚಯವಿಲ್ಲದ ಹದಿಹರೆಯದವರು ಅದರ ಮೂಲಪ್ರಶ್ನೆಗಳನ್ನು ಆಟದ ಮೇಜಿನಲ್ಲಿ ಎದುರಿಸುತ್ತಾರೆಂದೂ ಹೇಳಲಾಗುತ್ತದೆ.

ಇತ್ತೀಚಿನ ಬದಲಾವಣೆಗಳು

೨೦೦೮ರ ನಾಲ್ಕನೆಯ ಆವೃತ್ತಿಯು ನಿಲುವುಗಳನ್ನು ಐದಕ್ಕೆ ಇಳಿಸಿ, ಅವುಗಳಲ್ಲಿ ಒಂದನ್ನು ನಿಲುವಿಲ್ಲದ ಸ್ಥಿತಿ ಎಂದು ಕರೆಯಿತು. ೨೦೧೪ರ ಐದನೆಯ ಆವೃತ್ತಿಯಲ್ಲಿ ಒಂಬತ್ತು ನಿಲುವುಗಳು ಮರಳಿದವಾದರೂ ನಿಯಮಗಳ ಮೇಲಿನ ಅವುಗಳ ಹಿಡಿತ ಬಹುಮಟ್ಟಿಗೆ ಇಲ್ಲವಾಯಿತು. ಪಾಲಡಿನ್ ಯಾವ ನಿಲುವಿನವನಾದರೂ ಆಗಬಹುದು. ಅವನು ಸ್ವೀಕರಿಸಿದ ಪ್ರತಿಜ್ಞೆಯು ಅವನನ್ನು ಬಂಧಿಸುತ್ತದೆ. ಕೆಡುಕನ್ನು ಪತ್ತೆಹಚ್ಚುವ ಮಂತ್ರವು ಈಗ ಮನುಷ್ಯರ ಸ್ವಭಾವವನ್ನು ತಿಳಿಸದೆ, ಪಿಶಾಚಿ ದೇವದೂತರಂತಹ ಅಲೌಕಿಕ ಜೀವಿಗಳ ಇರುವನ್ನು ಮಾತ್ರ ಸೂಚಿಸುತ್ತದೆ. ಪಾತ್ರದ ಹಾಳೆಯಲ್ಲಿ ಆದರ್ಶ, ಬಾಂಧವ್ಯ ಮತ್ತು ದೌರ್ಬಲ್ಯಗಳನ್ನು ವಾಕ್ಯರೂಪದಲ್ಲಿ ಬರೆಯುವ ಕ್ರಮವೂ ಬಂದಿತು.

೨೦೨೦ರ ಜೂನ್‌ನಲ್ಲಿ ಪ್ರಕಾಶನ ಸಂಸ್ಥೆಯಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಹೇಳಿಕೆಯೊಂದನ್ನು ಹೊರಡಿಸಿತು. ಆರ್ಕ್ ಮತ್ತು ಡ್ರೌ ಜನರನ್ನು ಸ್ವಭಾವತಃ ದುಷ್ಟರೆಂದು ಚಿತ್ರಿಸಿದ ರೀತಿಯು, ವಾಸ್ತವ ಜಗತ್ತಿನಲ್ಲಿ ಕೆಲವು ಜನಾಂಗಗಳನ್ನು ಹೀನಾಯವಾಗಿ ಕಾಣಲು ಬಳಸಿದ ಮಾತುಗಳನ್ನು ನೆನಪಿಸುವಂತಿದೆ ಎಂದು ಅದು ಒಪ್ಪಿಕೊಂಡಿತು. ನಂತರದ ಪುಸ್ತಕಗಳಲ್ಲಿ ಜೀವಿಗಳ ನಿಲುವಿನ ಮುಂದೆ ವಿಶಿಷ್ಟವಾಗಿ ಹೀಗಿರುತ್ತದೆ ಎಂಬರ್ಥದ ಪದವನ್ನು ಸೇರಿಸುವ ಕ್ರಮ ಕಂಡುಬಂದಿತು. ಈ ಬದಲಾವಣೆಗಳನ್ನು ಅನೇಕರು ಸ್ವಾಗತಿಸಿದರೆ, ಕಲ್ಪನಾಲೋಕದ ರಾಕ್ಷಸರಿಗೆ ವಾಸ್ತವದ ಅಳತೆಗೋಲು ಸಲ್ಲದು ಎಂದು ವಿರೋಧಿಸಿದವರೂ ಇದ್ದಾರೆ.

ಪಾತ್‌ಫೈಂಡರ್ ಆಟದ ೨೦೨೩ರ ಪರಿಷ್ಕೃತ ಆವೃತ್ತಿಯಲ್ಲಿ ಪೈಝೋ ಸಂಸ್ಥೆಯು ನಿಲುವುಗಳನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಅವುಗಳ ಬದಲಿಗೆ, ಪಾತ್ರವು ಮಾಡಲೇಬೇಕೆಂದು ನಂಬಿದ ಕ್ರಿಯೆಗಳನ್ನೂ ಎಂದಿಗೂ ಮಾಡಬಾರದೆಂದು ತ್ಯಜಿಸಿದ ಕ್ರಿಯೆಗಳನ್ನೂ ಬರೆದುಕೊಳ್ಳುವ ಪದ್ಧತಿ ಅದರಲ್ಲಿದೆ. ಅದೇ ವರ್ಷ ಬಿಡುಗಡೆಯಾದ ಬಾಲ್ಡರ್ಸ್ ಗೇಟ್ ೩ ಎಂಬ ಗಣಕಯಂತ್ರದ ಆಟದಲ್ಲಿಯ ಆಟಗಾರರು ನಿಲುವನ್ನು ಆರಿಸುವ ಅಗತ್ಯವಿಲ್ಲ. ಅವರ ಕ್ರಿಯೆಗಳನ್ನು ಸಂಗಡಿಗ ಪಾತ್ರಗಳು ತಮ್ಮ ತಮ್ಮ ದೃಷ್ಟಿಯಿಂದ ಮೆಚ್ಚುತ್ತವೆ ಅಥವಾ ತಿರಸ್ಕರಿಸುತ್ತವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ೨೦೨೪ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಒಂಬತ್ತು ನಿಲುವುಗಳು ಈಗಲೂ ಮುಂದುವರಿದಿವೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಒಂಬತ್ತು ಮನೆಗಳ ಚೌಕವು ಆಟದ ಹೊರಗೂ ಹರಡಿದೆ. ಚಲನಚಿತ್ರ ಮತ್ತು ಧಾರಾವಾಹಿಗಳ ಪಾತ್ರಗಳು, ರಾಜಕಾರಣಿಗಳು, ತಿನಿಸುಗಳು, ಕೊನೆಗೆ ದಿನಬಳಕೆಯ ವಸ್ತುಗಳನ್ನೂ ಈ ಚೌಕದಲ್ಲಿ ಜೋಡಿಸುವ ಹಾಸ್ಯಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಹೇರಳವಾಗಿವೆ. ಲಾಫುಲ್ ಗುಡ್, ಕೇಯಾಟಿಕ್ ಈವಿಲ್ ಎಂಬ ಪದಗುಚ್ಛಗಳು ಆಟವನ್ನು ಎಂದೂ ಆಡದವರ ಮಾತಿನಲ್ಲಿಯೂ ಸೇರಿಹೋಗಿವೆ.